ಜಟ್ಟಿಂಗಪ್ಪನ ಸೈಲೆನ್ಸರು

ಸೀತಾರಾಮಪ್ಪನ ಮೋಟಾರ್ ಸೈಕಲ್ಲಿನ ಸೈಲೆನ್ಸರು ಕಳಚಿ ಬಿದ್ದದ್ದು ಬೆಳ್ಳಂಬೆಳಿಗ್ಗೆ, ಸಾಗರದ ಪೇಟೆಬೀದಿಯ ನಟ್ಟನಡುವೆ. ಬಿದ್ದರೆ ಬೀಳಲಿ, ಆಗ ಹಿಂದಿನ ಸೀಟಿನಲ್ಲಿ ದನದ ಡಾಕ್ಟರು ವೆಂಕಟ್ರಮಣ ಕೂತಿರಬಾರದಿತ್ತು. ಬಿದ್ದ ಸೈಲೆನ್ಸರಿನ ಮೇಲೆ ಅಕ್ಕಿಮೂಟೆ ಹೇರಿದ ಎತ್ತಿನ ಗಾಡಿಯೂ ಹಾಯಬಾರದಿತ್ತು. ಗಾಡಿ ಹಾದುಹೋದ ಮೇಲೆ ನೋಡಿದರೆ ಸೈಲೆನ್ಸರು ಹಪ್ಪಳವಾಗಿತ್ತು. ಮೋಟಾರ್ ಸೈಕಲ್ಲು ಮಾತ್ರ ಇಷ್ಟು ವರ್ಷ ನುಂಗಿಕೊಂಡಿದ್ದ ಸಿಟ್ಟನ್ನೆಲ್ಲ ಒಂದೇ ಸಲಕ್ಕೆ ಕಾರುವಂತೆ ಅರಚತೊಡಗಿತು. ಹಿಂದಿನಿಂದ ಡಾಕ್ಟರು ಏನೋ ಕೂಗುತ್ತಿದ್ದರು, ಏನೆಂದು ಕೇಳಿಸಲಿಲ್ಲ. ಆಸ್ಪತ್ರೆ ಮುಟ್ಟಿ ಎಂಜಿನ್ನು ಆರಿಸಿದ ಮೇಲೆ ಗೊತ್ತಾಯಿತು: ಅವರ ಎಡಗಾಲಿನ ಚಪ್ಪಲಿಯೂ ಸೈಲೆನ್ಸರಿನ ಜೊತೆಗೇ ಬಿದ್ದು ಹೋಗಿತ್ತು.

ಆ ಗಾಡಿಯ ವಂಶಾವಳಿ ಹೇಳುವುದು ಕಷ್ಟ. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ್ದನ್ನು ಒಬ್ಬ ಕಾಫಿ ಪ್ಲಾಂಟರ್ ಕೊಂಡಿದ್ದ. ಅವನಿಂದ ಒಬ್ಬ ಕಂಟ್ರಾಕ್ಟರು ಕೊಂಡಿದ್ದ. ಇಬ್ಬರೂ ಸಾಕು ಸಾಕಾಗಿ ಕೈಬಿಟ್ಟ ಮೇಲೆ ಅದು ಸೀತಾರಾಮಪ್ಪನ ಕೊರಳಿಗೆ ಬಿದ್ದಿತ್ತು. ಅದರ ಒಂದು ನಟ್ಟು ಕಳೆದರೂ ಶಿವಮೊಗ್ಗದ ಅಂಗಡಿಯವರು, "ಇದನ್ನ ಮಾಡಿದೋರೇ ಈಗ ಇದಾರೋ ಇಲ್ವೋ ಸ್ವಾಮಿ" ಎಂದು ಕೈ ಅಲ್ಲಾಡಿಸಿಬಿಡುತ್ತಿದ್ದರು. ಇನ್ನು ಸೈಲೆನ್ಸರು ಎಲ್ಲಿಂದ ಬರಬೇಕು?

ಬೇರೆ ಯಾರಿಗಾದರೂ ಇದು ಬರಿಯ ಸದ್ದಿನ ಸಮಸ್ಯೆ. ದನದ ಆಸ್ಪತ್ರೆಯ ಸ್ಟಾಕ್‌ಮನ್ ಆದ ಸೀತಾರಾಮಪ್ಪನಿಗೆ ಅನ್ನದ ಸಮಸ್ಯೆ. ಊರೂರು ತಿರುಗಿ ದನಗಳಿಗೆ ದೊಡ್ಡರೋಗದ ಇಂಜೆಕ್ಷನ್ನು ಚುಚ್ಚುವುದು ಅವನ ಕೆಲಸ. ಮಲೆನಾಡಿನ ಗಿಡ್ಡ ದನಗಳು ಆಕಾರದಲ್ಲಿ ಕರುವಿನಷ್ಟೇ, ಬುದ್ಧಿಯಲ್ಲಿ ವಕೀಲರಷ್ಟು. ಆ ಗಾಡಿಯ ಸದ್ದಿಗೂ ಸೂಜಿಗೂ ಇರುವ ಸಂಬಂಧವನ್ನು ಅವು ಎರಡನೆಯ ಸಲಕ್ಕೇ ಕಂಡುಕೊಂಡಿದ್ದವು. ಹೊಸನಗರದ ಆಚೆಗಿನ ಹಿರೇಮಕ್ಕಿಯ ದನಗಳಂತೂ, ಸೈಲೆನ್ಸರು ಇದ್ದಾಗಲೇ, ಆ ಗುಡುಗುಡು ಕೇಳಿದೊಡನೆ ಬಾಲ ಎತ್ತಿ ಕಾಡಿಗೆ ನುಗ್ಗಿ, ಎರಡು ರಾತ್ರಿ ಕೊಟ್ಟಿಗೆಯ ಕಡೆ ತಲೆಹಾಕಿರಲಿಲ್ಲ. ಗಾಡಿಯನ್ನು ದೂರ ನಿಲ್ಲಿಸಿ ನಡೆದು ಹೋಗೋಣವೆಂದರೆ ಮದ್ದಿನ ಪೆಟ್ಟಿಗೆ, ಮಂಜುಗಡ್ಡೆಯ ಡಬ್ಬ ಹೊರಲು ಎರಡಾಳು ಬೇಕು. ಬಸ್ಸು ಆ ಕಡೆ ಹೋಗುವುದೇ ಇಲ್ಲ.

"ಇವತ್ತು ಸಂಜೆಯೊಳಗೆ ಹಿರೇಮಕ್ಕಿ ದನಕ್ಕೆಲ್ಲ ಚುಚ್ಚಿರ್ಬೇಕು," ಎಂದರು ಡಾಕ್ಟರು, ಒಂಟಿ ಚಪ್ಪಲಿಯಲ್ಲಿ ನಿಂತು. "ಜೀಪು ರಿಪೇರಿಯಾಗಿ ಬಂದ ತಕ್ಷಣ ನಾನೇ ಬಂದು ನೋಡ್ತೀನಿ. ಒಂದು ದನ ತಪ್ಪಿದ್ರೂ ಸರಿ, ಮೇಗರವಳ್ಳೀಲಿ ಜಾಗ ಖಾಲಿ ಇದೆ. ಸೋಮವಾರದಿಂದ ನೀವು ಅಲ್ಲಿ."



ಮೇಗರವಳ್ಳಿಯಲ್ಲಿ ಶ್ರಾವಣದಲ್ಲಿ ಒಗೆದ ಅಂಗಿ ದೀಪಾವಳಿಗೆ ಒಣಗುತ್ತದೆ ಎಂದು ಅಲ್ಲಿ ಇದ್ದು ಬಂದವರು ಹೇಳುತ್ತಿದ್ದರು. ಆದರೆ ಸೀತಾರಾಮಪ್ಪ ಹೆದರಿದ್ದು ಮಳೆಗಲ್ಲ, ರಕ್ತ ಹೀರುವ ಇಂಬಳಕ್ಕೂ ಅಲ್ಲ. ಅವನ ಹೆಂಡತಿ ಹೂವಮ್ಮ ಸ್ಕೂಲು ಅಕ್ಕೋರು. ಮದುವೆಯಾದಾಗಿನಿಂದ ಅವಳು ತೀರ್ಥಹಳ್ಳಿಯಲ್ಲಿ, ಅವನು ಸಾಗರದಲ್ಲಿ. ಶನಿವಾರ ಒಬ್ಬರು ಬಸ್ಸು ಹತ್ತುವುದು, ಸೋಮವಾರ ನಸುಕಿಗೆ ಇಳಿಯುವುದು. ಆ ವರ್ಷಗಳಲ್ಲಿ ಗಂಡನ ಮುಖಕ್ಕಿಂತ ಬಸ್ಸಿನ ಕಂಡಕ್ಟರನ ಮುಖವನ್ನೇ ತಾನು ಹೆಚ್ಚು ನೋಡಿದ್ದು ಎಂದು ಹೂವಮ್ಮ ಹೇಳುತ್ತಿದ್ದಳು. ಯಾರು ಯಾರದೋ ಕಾಲು ಹಿಡಿದು, ಹೋದ ಯುಗಾದಿಗೆ ಅವಳಿಗೆ ಸಾಗರಕ್ಕೆ ವರ್ಗವಾಗಿತ್ತು. ಒಂದೇ ಸೂರಿನಡಿ ಇನ್ನೂ ಒಂದು ವರ್ಷವೂ ತುಂಬಿರಲಿಲ್ಲ. ಮೇಗರವಳ್ಳಿಯಿರುವುದೂ ತೀರ್ಥಹಳ್ಳಿಯ ಆಚೆಗೇ. ಈಗ ಮತ್ತೆ ಅದೇ ಬಸ್ಸು, ಅದೇ ಕಂಡಕ್ಟರು!

ಸುದ್ದಿ ಹೇಳಲು ಮನೆಗೆ ಹೋದರೆ ಬಾಗಿಲಲ್ಲಿ ಎದುರಾದವರು ಬಾಡಿಗೆ ಮನೆಯ ಯಜಮಾನಿ ಶೇಷಮ್ಮ, ಕೈಯಲ್ಲಿ ಖಾಲಿ ತಂಬಿಗೆ.

"ಎಂತ ಸದ್ದೋ ಮಾರಾಯ ಅದು! ನಮ್ಮ ಎಮ್ಮೆ ಮೊದಲೇ ಹಾಲು ಇಳಿಸೋದಕ್ಕೆ ಚೌಕಾಸಿ ಮಾಡ್ತದೆ. ನಿನ್ನ ಗಾಡಿ ಕೇಳಿದ್ದೇ ತಡ, ಒದ್ದು ತಂಬಿಗೆ ಬೀಳಿಸ್ತು. ಆ ಹಿರೇಮಕ್ಕಿಯವರ ಹತ್ರ ಎಮ್ಮೆ ತಗೊಂಡಿದ್ದೇ ತಪ್ಪಾಯ್ತು. ತಂದಾಗಿಂದ ತನ್ನೂರಿನ ಕಡೆ ಮುಖ ಮಾಡಿ ಏನೋ ಕಾಯ್ತಾ ನಿಂತಿರ್ತದೆ."

ಹಿರೇಮಕ್ಕಿ ಎಂಬ ಹೆಸರು ಕೇಳಿ ಸೀತಾರಾಮಪ್ಪ ಹೂವಮ್ಮನನ್ನು ಹೊರಗೆ ಕರೆದ. ಅವನು ಹೆಂಡತಿಗೆ ಡಾಕ್ಟರು ಹೇಳಿದ್ದನ್ನೆಲ್ಲ ಒಪ್ಪಿಸಿದ. ಶೇಷಮ್ಮ ಅಲ್ಲೇ ಕಂಬಕ್ಕೆ ಒರಗಿ ಒಂದಕ್ಷರವೂ ಬಿಡದೆ ಕೇಳಿಸಿಕೊಂಡರು.

"ಮೇಗರವಳ್ಳಿಯಾ?" ಹೂವಮ್ಮನ ಮುಖ ಸಪ್ಪಗಾಯಿತು. "ಮತ್ತೆ ಶನಿವಾರದ ಬಸ್ಸಾ? ಇನ್ನು ನನ್ನ ಕೈಲಿ ಆಗಲ್ಲ ಕಣ್ರೀ."

"ಹಾಗೇನೂ ಆಗಲ್ಲ. ಹೇಗಾದ್ರೂ ಮಾಡಿ ಒಂದು ಸೈಲೆನ್ಸರ್ ಹಾಕಿಸಿಬಿಡ್ತೀನಿ. ಬೆಕ್ಕಿನ ಹಾಗೆ ಊರೊಳಗೆ ಹೋಗಿ ಕೂತಿರ್ತೀನಿ. ಸಂಜೆ ದನ ತಾವಾಗೇ ಕೊಟ್ಟಿಗೆಗೆ ಬರ್ತಾವೆ."

ಹೂವಮ್ಮ ಗಂಡನನ್ನು ನೋಡಿದಳು, ಗಾಡಿಯನ್ನು ನೋಡಿದಳು. ಶೇಷಮ್ಮ ಅವಳ ತೋಳು ಹಿಡಿದು ಒಳಗೆ ಕರೆದುಕೊಂಡು ಹೋದರು.

ಆಸ್ಪತ್ರೆಯಿಂದ ಮದ್ದಿನ ಪೆಟ್ಟಿಗೆ ಕಟ್ಟಿಕೊಳ್ಳುವಾಗ ಕಂಪೌಂಡರ್ ಸುಬ್ಬರಾಯ ಸಲಹೆ ಕೊಟ್ಟ. ಸುಬ್ಬರಾಯನಿಗೆ ಗೊತ್ತಿಲ್ಲದ ವಿಷಯವೆಂಬುದು ಜಗತ್ತಿನಲ್ಲಿ ಇರಲಿಲ್ಲ, ಕೇಳದೆಯೇ ಹೇಳುವ ಔದಾರ್ಯವೂ ಇತ್ತು.

"ಸೈಲೆನ್ಸರ್ ಅಂದ್ರೆ ಏನ್ರೀ? ಒಂದು ಕೊಳವೆ. ಕೊಳವೆ ಉದ್ದ ಆದಷ್ಟೂ ಸದ್ದು ಒಳಗೇ ನಡೆದೂ ನಡೆದೂ ಸುಸ್ತಾಗಿ ಸಾಯುತ್ತೆ. ಹೊಸನಗರದ ಪೇಟೇಲಿ ಜಟ್ಟಿಂಗಪ್ಪ ಅಂತ ಕಂಚುಗಾರ ಇದಾನೆ. ಕೊಳವೆ ಕೆಲಸದಲ್ಲಿ ಈ ಸೀಮೆಗೇ ಅವನು ಒಬ್ಬನೇ. ನನ್ನ ಹೆಸರು ಹೇಳಿ."

ಸೀತಾರಾಮಪ್ಪ ಹೊಸನಗರ ಮುಟ್ಟುವ ಹೊತ್ತಿಗೆ ಅವನ ಎರಡು ಕಿವಿಯೂ ಜೇನುಗೂಡಾಗಿದ್ದವು. ಜಟ್ಟಿಂಗಪ್ಪನಿಗೆ ಸುಬ್ಬರಾಯನ ಹೆಸರು ಹೇಳಿದರೆ ಅವನು, "ಯಾವ ಸುಬ್ಬರಾಯ?" ಎಂದ. ಅಂಗಡಿಯ ತುಂಬ ಹಂಡೆ, ತಪ್ಪಲೆ, ಕೊಳಗ. ಗೋಡೆಗೆ ಸಾಲಾಗಿ ನೇತು ಹಾಕಿದ ಹಿತ್ತಾಳೆಯ ಕೊಂಬು, ಕಹಳೆಗಳು. ಅವನ್ನು ನೋಡಿದಾಗಲೇ ಸೀತಾರಾಮಪ್ಪ ಎಚ್ಚರವಾಗಬೇಕಿತ್ತು. ಆದರೆ ಗಡಿಬಿಡಿಯಲ್ಲಿದ್ದವನಿಗೆ ಕೊಳವೆ ಎಂದರೆ ಕೊಳವೆ.

ಜಟ್ಟಿಂಗಪ್ಪ ಗಾಡಿಯ ಸುತ್ತ ಎರಡು ಸುತ್ತು ಬಂದು ಎಂಜಿನ್ನಿನ ಬಾಯಿಗೆ ಬೆರಳಿಟ್ಟು ಅಳತೆ ನೋಡಿದ.

"ಹೊಸದು ಮಾಡಾಕೆ ವಾರ ಬೇಕು. ಅರ್ಧ ಮಾಡಿಟ್ಟಿದ್ದು ಒಂದೈತೆ. ಅದನ್ನೇ ನಿಮ್ಮ ಗಾಡಿಗೆ ಹೊಂದಿಸಿ ಕೊಡ್ತೀನಿ."

"ಉದ್ದ ಇರಬೇಕು. ಆದಷ್ಟು ಉದ್ದ."

"ಉದ್ದದ್ದು ಯೋಚನೆ ಮಾಡ್‌ಬ್ಯಾಡಿ," ಎಂದು ಅವನು ತಿದಿ ಒತ್ತಿದ.

ತಗಡು ಬಡಿದ, ಬೆಸೆದ, ರಿವೆಟ್ಟು ಹೊಡೆದ. ಕೆಲಸ ಮುಗಿದಾಗ ಎಂಜಿನ್ನಿನ ಬಾಯಿಯಿಂದ ಸಣ್ಣಗೆ ಹೊರಟು, ಹಿಂದಿನ ಚಕ್ರವನ್ನೂ ದಾಟಿ, ಬರುತ್ತ ಬರುತ್ತ ದಪ್ಪವಾಗಿ, ಕೊನೆಯಲ್ಲಿ ದತ್ತೂರಿ ಹೂವಿನಂತೆ ಅರಳಿ ಆಕಾಶ ನೋಡುವ ಹಿತ್ತಾಳೆಯ ಕೊಳವೆಯೊಂದು ತಯಾರಾಗಿತ್ತು. ಗಾಡಿಗೆ ಕೂರಿಸುವ ಮೊದಲು ಜಟ್ಟಿಂಗಪ್ಪ ಅದರ ಸಣ್ಣ ತುದಿಯನ್ನು ಬಾಯಿಗಿಟ್ಟು, ಕೆನ್ನೆ ಉಬ್ಬಿಸಿ ಊದಿದ. ಭೋ ಎಂದಿತು. ಅವನು ಮುಖ ಸಿಂಡರಿಸಿ ಒಂದು ಕಡೆ ಸುತ್ತಿಗೆಯಿಂದ ಕುಟ್ಟಿ ಮತ್ತೆ ಊದಿದ. ಈ ಸಲ ಬೀದಿಯ ಕೊನೆಯ ನಾಯಿ ಎದ್ದು ನಿಂತಿತು.

"ಇದ್ಯಾಕೆ ಕೂಗುತ್ತೆ?" ಸೀತಾರಾಮಪ್ಪ ಗಾಬರಿಯಾದ. "ಇದು ಕೂಗಬಾರದು ಮಾರಾಯ! ಕೂಗಬಾರದು ಅಂತಲೇ ಮಾಡಿಸ್ತಿರೋದು!"

ಜಟ್ಟಿಂಗಪ್ಪ ಸುತ್ತಿಗೆ ಕೆಳಗಿಟ್ಟ. ಅವನಿಗೆ ನಿಜವಾಗಿ ನೋವಾಗಿತ್ತು.

"ಏನ್ ಮಾತು ಅಂತ ಆಡ್ತೀರಿ ಸ್ವಾಮಿ? ನಮ್ಮ ಅಜ್ಜನ ಕಾಲದಿಂದ ಕೂಗದೇ ಇರೋ ಕೊಳವೆ ಈ ಅಂಗಡಿಯಿಂದ ಆಚೆ ಹೋಗಿಲ್ಲ. ನಮ್ಮ ಕೊಂಬಿಗೆಲ್ಲ ಒಂದೇ ದನಿ. ಈ ಸೀಮೇಲಿ ಯಾವ ಊರಿಗಾದ್ರೂ ಹೋಗಿ, ಕೊಂಬು ಕೇಳ್ತಿದ್ದಂಗೇ ಜನ ನಮ್ಮ ಹೆಸರು ಹೇಳ್ತಾರೆ. ಮೂಗ ಕೊಳವೆ ಮಾಡಿಕೊಟ್ಟು ನಾಳೆ ನಾನು ಮುಖ ಎತ್ತಿ ತಿರುಗೋದು ಬ್ಯಾಡ್ವಾ?"

"ಇದು ಕೊಂಬಲ್ಲ, ಸೈಲೆನ್ಸರು!"

"ಹೆಸರು ಏನಾದ್ರೂ ಇಟ್ಕಳಿ," ಎಂದು ಅವನು ಅದನ್ನು ಗಾಡಿಗೆ ತಿರುಪು ಹಾಕಿ ಬಿಗಿದ.

ಸೂರ್ಯ ಆಗಲೇ ನೆತ್ತಿಗೆ ಬಂದಿದ್ದ. ಜಗಳಕ್ಕೆ ಹೊತ್ತಿರಲಿಲ್ಲ. ಊದುವುದು ಬೇರೆ, ಎಂಜಿನ್ನು ಬೇರೆ, ಓಡುವಾಗ ಹೀಗಾಗಲಿಕ್ಕಿಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಸೀತಾರಾಮಪ್ಪ ಗಾಡಿಯನ್ನು ಒದ್ದ.

ಆ ಶಬ್ದವನ್ನು ಏನೆಂದು ಹೇಳುವುದು? ಮೊದಲಿನ ಅರಚಾಟ ಈಗ ಇರಲಿಲ್ಲ, ಅದು ನಿಜ. ಅದರ ಬದಲು "ಭೋಂ, ಭೋಂ, ಭೋಂ" ಎಂದು ಗಂಭೀರವಾದ, ಮಂಗಳಕರವಾದ, ಗುಡ್ಡದಿಂದ ಗುಡ್ಡಕ್ಕೆ ಹೋಗಿ ಮುಟ್ಟುವಂಥ ಕೊಂಬಿನ ದನಿ. ವೇಗ ಹೆಚ್ಚಿಸಿದರೆ ಮದುವೆ ದಿಬ್ಬಣ ಬಂದಂತೆ, ಕಡಿಮೆ ಮಾಡಿದರೆ ಉತ್ಸವದ ದೇವರು ಗುಡಿಯೊಳಗೆ ಹೋದಂತೆ. ಜಟ್ಟಿಂಗಪ್ಪ ಕಿವಿಗೆ ಕೈಯಿಟ್ಟು ಕೇಳಿ, ತೃಪ್ತಿಯಿಂದ ತಲೆದೂಗಿದ. ಸೀತಾರಾಮಪ್ಪನಿಗೆ ಆ ಕೊಳವೆಯನ್ನು ಕಿತ್ತು ಅವನ ತಲೆಗೇ ಹೊಡೆಯಬೇಕೆನಿಸಿತು. ಕಿತ್ತರೆ ಮತ್ತೆ ಆ ಅರಚಾಟವೇ. ಹಲ್ಲು ಕಚ್ಚಿಕೊಂಡು ಹೊರಟ.

ಅವನ ಗ್ರಹಚಾರಕ್ಕೆ, ದಾರಿಯ ಊರೊಂದಕ್ಕೆ ಅಂದು ಯಾವುದೋ ಮಠದ ಸ್ವಾಮಿಗಳು ಬರುವವರಿದ್ದರು. ತೋರಣ ಕಟ್ಟಿ, ಪೂರ್ಣಕುಂಭ ಹಿಡಿದು ಜನ ಬೆಳಗಿನಿಂದ ಬಿಸಿಲಲ್ಲಿ ಕಾದಿದ್ದರು. ತಿರುವಿನ ಆಚೆ ಕೊಂಬಿನ ದನಿ ಕೇಳಿದ್ದೇ ತಡ, "ಬಂದ್ರು, ಬಂದ್ರು!" ಎಂದು ಡೋಲು ಬಡಿದರು, ಹೆಂಗಸರು ಆರತಿ ಹಚ್ಚಿದರು. ತಿರುವು ದಾಟಿ ಬಂದ ಸೀತಾರಾಮಪ್ಪ ಬ್ರೇಕು ಹಾಕುವುದರೊಳಗೆ, ಕಣ್ಣು ಮಂಜಾದ ಮುದುಕರೊಬ್ಬರು ಅವನ ಕೊರಳಿಗೆ ಮೊಳ ದಪ್ಪದ ಸೇವಂತಿಗೆ ಹಾರ ಹಾಕಿ, ಬೂಟಿನ ಮೇಲೆ ಒಂದು ತಂಬಿಗೆ ನೀರು ಹೊಯ್ದೇಬಿಟ್ಟರು.

"ನಾನಲ್ಲ! ನಾನು ದನಕ್ಕೆ ಚುಚ್ಚೋನು!" ಎಂದು ಅವನು ಕೂಗಿಕೊಂಡ.

ಹಾಕಿದ ಹಾರವನ್ನು ವಾಪಸು ತೆಗೆಯಬಾರದೆಂದು ಯಾರೋ ಹೇಳಿದರು. ತೆಗೆದು ತೊಳೆದುಕೊಡಬಹುದೆಂದು ಇನ್ಯಾರೋ ಹೇಳಿದರು. ಆ ಶಾಸ್ತ್ರಾರ್ಥ ಮುಗಿಯುವ ತನಕ ನಿಲ್ಲಲು ಸೀತಾರಾಮಪ್ಪನಿಗೆ ತಾಳ್ಮೆಯಿರಲಿಲ್ಲ. ಹಾರ ಸಮೇತ, ಒದ್ದೆ ಬೂಟಿನಲ್ಲಿ, ಭೋಂ ಎಂದು ಮುಂದಕ್ಕೆ ಹೊರಟುಬಿಟ್ಟ.

ಹಿರೇಮಕ್ಕಿಗೆ ಇನ್ನೂ ಒಂದೂವರೆ ಮೈಲಿ ಇರುವಾಗಲೇ ಎಂಜಿನ್ನು ಆರಿಸಿದ. ಇನ್ನು ಒಂದೇ ದಾರಿ, ತಳ್ಳಿಕೊಂಡು ಹೋಗುವುದು. ಆ ಮಿಲಿಟರಿ ಗಾಡಿ, ಅದರ ಮೇಲೆ ಪೆಟ್ಟಿಗೆ, ಡಬ್ಬ, ಹಿಂದೆ ಹಿತ್ತಾಳೆ ಕೊಂಬು, ಎದುರಿಗೆ ಏರು. ತಳ್ಳುತ್ತ ತಳ್ಳುತ್ತ ಅವನು ಆ ಗಾಡಿ ಮಾಡಿದವರನ್ನೂ ಹರಾಜು ಹಾಕಿದವರನ್ನೂ ಸುಬ್ಬರಾಯನನ್ನೂ ಜಟ್ಟಿಂಗಪ್ಪನ ಅಜ್ಜನನ್ನೂ ಬಾಯಿಗೆ ಬಂದಂತೆ ಬೈದ. ಊರ ಮುಂದಿನ ಬೇಲಿಬಾಗಿಲ ಉಣಗೋಲು ಸರಿಸಿ ಒಳಗೆ ಕಾಲಿಟ್ಟಾಗ ಉಸಿರು ಬಾಯಿಗೆ ಬಂದಿತ್ತು. ಆದರೂ ಗೆದ್ದೆ ಎಂದುಕೊಂಡ. ದನಗಳಿಗೆ ಸುಳಿವೇ ಸಿಕ್ಕಿರಲಿಲ್ಲ.

ಊರ ಹಿರಿಯ ಬೆಳ್ಳಪ್ಪ ಜಗಲಿಯ ಮೇಲಿಂದ ನೋಡಿ ಎದ್ದು ಬಂದ.

"ಬಂದ್ರಾ ಡಾಕ್ಟ್ರೇ? ಅಯ್ಯೋ, ಗಾಡಿ ಕೆಟ್ಟೋಯ್ತಾ? ಹಾರ ಬೇರೆ ಹಾಕ್ಯಂಡೀರಿ! ಏಯ್, ಬನ್ರೋ ಎಲ್ಲಾ! ಪಾಪ, ಡಾಕ್ಟ್ರು ಗಾಡಿ ತಳ್ತಾ ಅವ್ರೆ!"

"ಷ್! ಕೆಟ್ಟಿಲ್ಲ ಬೆಳ್ಳಪ್ಪ, ಸುಮ್ನಿರಿ! ನಾನೇ ಆರ್ಸಿದೀನಿ."

"ಸಂಕೋಚ ಮಾಡ್ಕಬ್ಯಾಡಿ. ಹತ್ತಿ ಕೂತ್ಕಳಿ."

ನಾಲ್ಕು ಜನ ಅವನನ್ನು ಎತ್ತಿ ಸೀಟಿನ ಮೇಲೆ ಕೂರಿಸಿದರು, ಆರು ಜನ ಹಿಂದಿನಿಂದ ತಳ್ಳಿದರು. "ಬೇಡ, ಬೇಡ" ಎಂದು ಅವನು ಬಡಿದುಕೊಳ್ಳುತ್ತಿದ್ದರೂ, ಲಾರಿಯಲ್ಲಿ ಕ್ಲೀನರಾಗಿ ಊರಿಗೆ ಮರಳಿದ್ದವನೊಬ್ಬ ಪಕ್ಕದಲ್ಲಿ ಓಡುತ್ತಲೇ ಗೇರನ್ನು ಒದ್ದ. ಗಾಡಿ ಒಮ್ಮೆ ಕೆಮ್ಮಿತು, ಎರಡು ಸಲ ಕೆಮ್ಮಿತು.

ಭೋಂ!

ಆ ದನಿ ಊರನ್ನು ತುಂಬಿ, ಗದ್ದೆ ದಾಟಿ, ಕಾಡಿಗೆ ನುಗ್ಗಿತು. ಸೀತಾರಾಮಪ್ಪ ಕಣ್ಣು ಮುಚ್ಚಿಕೊಂಡ. ಮುಚ್ಚಿದ ಕಣ್ಣಿನೊಳಗೆ ತೀರ್ಥಹಳ್ಳಿ ಬಸ್ಸಿನ ಕಂಡಕ್ಟರು ನಕ್ಕು, "ಬನ್ನಿ ಸಾರ್, ಕಾಣದೆ ಬಹಳ ದಿನ ಆಗಿತ್ತು" ಎಂದ.

ಕಣ್ಣು ತೆರೆದಾಗ ಕಾಡಿನ ಅಂಚಿನಲ್ಲಿ ಧೂಳೆದ್ದಿತ್ತು. ಕೆಂದ, ಕಬರಿ, ಕಪಿಲೆ, ಕೋಡು ಮುರಿದ ಹೋರಿ, ಬಾಲ ಎತ್ತಿದ ಕರುಗಳು, ಎಮ್ಮೆ, ಕೋಣ, ಊರಿನ ದನವೆಂಬ ದನವೆಲ್ಲ ಓಡಿ ಬರುತ್ತಿದ್ದವು. ಕಾಡಿಗಲ್ಲ, ಊರಿಗೆ! ಬಂದವು ನೆಟ್ಟಗೆ ಅವನ ಗಾಡಿಯ ಸುತ್ತ ನೆರೆದು, ಅರಳಿದ ಕೊಳವೆಯ ಕಡೆಗೆ ಭಕ್ತಿಯಿಂದ ಮೂಗು ಚಾಚಿ ನಿಂತವು.

"ಇದು ನಮ್ಮೂರ ಕೊಂಬಿನ ದನಿ ಅಲ್ವಾ!" ಬೆಳ್ಳಪ್ಪ ಬೆರಗಾಗಿ ಹೇಳಿದ. "ಸಂಜೆ ದನ ಕಾಯೋನು ಬಂಡೆ ಮ್ಯಾಲೆ ನಿಂತು ಜಟ್ಟಿಂಗಪ್ಪ ಮಾಡಿದ ಕೊಂಬು ಊದ್ತಾನೆ. ಅದು ಕೇಳಿದ್ರೆ ಅಕ್ಕಿ ತೊಳೆದ ನೀರಿಗೆ ಉಪ್ಪು ಹಾಕಿ ಅಕ್ಕಚ್ಚು ಇಟ್ಟವ್ರೆ ಅಂತ ದನಕ್ಕೆ ಗೊತ್ತು. ಎಲ್ಲಿದ್ರೂ ಬರ್ತಾವೆ. ಇವತ್ತು ಬೇಗ ಊದಿದ್ರು ಅಂದ್ಕಂಡು ಬಂದವೆ, ನೋಡಿ!"

ಸೀತಾರಾಮಪ್ಪನಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಮನೆಮನೆಯಿಂದ ಅಕ್ಕಚ್ಚು ತಂದಿಟ್ಟರು. ದನಗಳು ಬಕೆಟ್ಟಿನಲ್ಲಿ ಮೂತಿ ಮುಳುಗಿಸಿದವು, ಅವನು ಹಿಂದಿನಿಂದ ಚುಚ್ಚುತ್ತ ಹೋದ. ಇನ್ನೇನು ಮುಗಿಯಿತು ಎನ್ನುವಾಗ ಜೀಪು ಬಂತು. ಡಾಕ್ಟರು ಇಳಿದು ನೋಡಿದರು. ಕೊರಳಲ್ಲಿ ಹಾರ ಹಾಕಿಕೊಂಡ ಸ್ಟಾಕ್‌ಮನ್, ಅವನ ಮುಂದೆ ಸ್ಕೂಲು ಮಕ್ಕಳ ಹಾಗೆ ಸಾಲಾಗಿ ನಿಂತ ಹಿರೇಮಕ್ಕಿಯ ದನ. ಅವರು ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿದರು.

"ಸೀತಾರಾಮಪ್ಪ, ನನ್ನ ಸರ್ವೀಸಲ್ಲೇ ಇಂಥಾದ್ದು ನೋಡಿಲ್ಲ ಕಣ್ರೀ. ಊರವರು ಹಾರ ಹಾಕಿದ್ದು ಸರಿಯಾಗೇ ಇದೆ. ಮೇಗರವಳ್ಳಿ ಮಾತು ಬಿಡಿ, ಅಲ್ಲಿಗೆ ಬೇರೆ ಯಾರನ್ನಾದ್ರೂ ಹಾಕ್ತೀನಿ. ಈ ಊರವರ ಮುಂದೆ ಹೇಳ್ತಿದೀನಿ, ನಾನಿರೋ ತನಕ ನಿಮ್ಮನ್ನ ಸಾಗರದಿಂದ ಯಾರೂ ಅಲ್ಲಾಡಿಸೋಕಾಗಲ್ಲ. ಆಮೇಲೆ ನೀವೇ ಬಂದು ಕಾಲು ಹಿಡಿದ್ರೂ ಬಿಡಲ್ಲ!"

ಸೀತಾರಾಮಪ್ಪ ಅಂದು ಸಾಗರಕ್ಕೆ ಹಿಂತಿರುಗಿದ್ದು ಗಾಡಿಯ ಮೇಲೋ ಗಾಳಿಯ ಮೇಲೋ ಅವನಿಗೇ ಗೊತ್ತಿಲ್ಲ. ಹೊಸನಗರದಲ್ಲಿ ನಿಲ್ಲಿಸಿ ಜಟ್ಟಿಂಗಪ್ಪನಿಗೆ ಕೈಮುಗಿದ. ಕೊಂಬಿನ ಪ್ರತಿ ಭೋಂಕಾರವೂ ಈಗ ಅವನ ಕಿವಿಗೆ ಸಂಗೀತ. ದೀಪ ಹಚ್ಚುವ ಹೊತ್ತಿಗೆ ಮನೆಯ ಮುಂದೆ ಗಾಡಿ ನಿಲ್ಲಿಸಿದರೆ, ಹೂವಮ್ಮ ಬಾಗಿಲಲ್ಲೇ ನಗುತ್ತ ನಿಂತಿದ್ದಳು. ಹಿಂದೆ ಶೇಷಮ್ಮ.

"ಒಂದು ಸುದ್ದಿ ಇದೆ," ಎಂದ ಅವನು.

"ನನ್ನ ಹತ್ರನೂ ಇದೆ. ಮೊದಲು ನಂದು ಕೇಳಿ," ಎಂದಳು ಅವಳು. "ಇನ್ನು ಆ ಶನಿವಾರದ ಬಸ್ಸು ನಮಗೆ ಬೇಡ. ನೀವು ಮೇಗರವಳ್ಳಿಗೆ ಹೋದ್ರೆ ನಾನೂ ಬರ್ತೀನಿ. ಶೇಷಮ್ಮೋರ ತಮ್ಮ ಸ್ಕೂಲ್ ಇನ್ಸ್‌ಪೆಕ್ಟರ್ ಅಲ್ವಾ? ಬೆಳಿಗ್ಗೆ ಇವರೇ ನನ್ನ ಅವರ ಹತ್ರ ಕರ್ಕೊಂಡು ಹೋದ್ರು. ಮೇಗರವಳ್ಳಿಯಿಂದ ಸಾಗರಕ್ಕೆ ಬರಬೇಕು ಅಂತ ಒಬ್ಬರು ಮೇಷ್ಟ್ರು ವರ್ಷಗಟ್ಟಲೆ ಕಾಯ್ತಿದ್ರಂತೆ. ಅವರ ಜಾಗಕ್ಕೆ ನಾನು, ನನ್ನ ಜಾಗಕ್ಕೆ ಅವರು. ಮಧ್ಯಾಹ್ನವೇ ಆರ್ಡರ್ ಆಯ್ತು!"

ಸೀತಾರಾಮಪ್ಪನ ಕಾಲಿನ ಕೆಳಗಿನ ನೆಲ ಎಲ್ಲೋ ಹೋಯಿತು.

"ನಾನು ಸೈಲೆನ್ಸರ್ ಹಾಕಿಸ್ತೀನಿ ಅಂದಿದ್ನಲ್ಲೇ!"

"ನೀವು ಅಂದ್ರಿ. ನಾನು ಗಾಡಿ ಮುಖ ನೋಡ್ದೆ," ಎಂದಳು ಹೂವಮ್ಮ. "ಯಾಕೆ? ಏನಾಯ್ತು? ನಿಮ್ಮ ಸುದ್ದಿ ಏನು?"

ಅವನು ಸುದ್ದಿ ಹೇಳಿದ. ಹೂವಮ್ಮನ ಮುಖದ ನಗು ಅಲ್ಲೇ ಆರಿಹೋಯಿತು. ಅವಳು ಮೆಲ್ಲಗೆ ಹೊಸ್ತಿಲ ಮೇಲೆ ಕೂತಳು.

"ರದ್ದು ಮಾಡಿಸೋಕಾಗಲ್ವಾ?" ಸೀತಾರಾಮಪ್ಪ ಶೇಷಮ್ಮನ ಕಡೆ ತಿರುಗಿದ.

"ಎಲ್ಲಿ ಮಾರಾಯ! ನಮ್ಮ ತಮ್ಮ ತಂತಿ ಕೊಟ್ಟಿದ್ದೇ ತಡ, ನಾವೆಲ್ಲಿ ಮನಸ್ಸು ಬದಲಾಯಿಸಿಬಿಡ್ತೀವೋ ಅಂತ ಆ ಮೇಷ್ಟ್ರು ಸಾಮಾನು ಕಟ್ಟಿ ಬಸ್ಸು ಹತ್ತಿ ಆಗಿದೆಯಂತೆ. ನಿಮಗೆ ಒಳ್ಳೇದಾಗ್ಲಿ ಅಂತ ನಾನು ಇಷ್ಟೆಲ್ಲ ಓಡಾಡಿದ್ದು, ನೋಡು!"

ಸೀತಾರಾಮಪ್ಪ ಎರಡು ಕೈಯಲ್ಲೂ ತಲೆ ಹಿಡಿದುಕೊಂಡ. ಈಗಲೇ ಹೋಗಿ ಡಾಕ್ಟರ ಕಾಲು ಹಿಡಿಯಬೇಕು ಎಂದುಕೊಂಡ. ಕಾಲು ಹಿಡಿದರೂ ಬಿಡಲ್ಲ ಎಂದು ಅವರು ಇಡೀ ಊರಿನ ಮುಂದೆ ಹೇಳಿದ್ದು ನೆನಪಾಯಿತು. ಆದರೂ ಬಿಡಬಾರದೆಂದು ತಿರುಗಿ ಗಾಡಿಯನ್ನು ಒದ್ದ. ಭೋಂ ಎಂದಿತು.

ಗಾಡಿ ಬಂದಾಗಿನಿಂದ ಹಿತ್ತಲಲ್ಲಿ ಜಗ್ಗುತ್ತಿದ್ದ ಹಗ್ಗ ಹರಿದ ಸದ್ದಾಯಿತು. ಶೇಷಮ್ಮನ ಹಿರೇಮಕ್ಕಿ ಎಮ್ಮೆ ಬೇಲಿ ಮುರಿದುಕೊಂಡು ಓಡಿಬಂದು, ಸೀತಾರಾಮಪ್ಪನ ಎದುರು ನಿಂತಿತು. ಅದರ ಕೆಚ್ಚಲಿನಿಂದ ಹಾಲು ತಾನಾಗಿ ಅಂಗಳಕ್ಕೆ ತೊಟ್ಟಿಕ್ಕುತ್ತಿತ್ತು. ಶೇಷಮ್ಮ ಬಾಯಿ ತೆರೆದು ನೋಡಿ, ಒಳಗೆ ಓಡಿ ತಂಬಿಗೆ ತಂದರು.

"ಅಕ್ಕೋರು ಹೋದ್ರೂ ನೀನು ಇಲ್ಲೇ ಇರ್ತೀಯಲ್ಲ ಮಾರಾಯ, ಅಷ್ಟು ಸಾಕು," ಎಂದರು ಅವರು, ಎಮ್ಮೆಯ ಬದಿಗೆ ಕುಕ್ಕರಗಾಲಲ್ಲಿ ಕೂತು. "ಇನ್ನು ಮೇಲೆ ದಿನಾ ಹಾಲು ಕರೆಯೋ ಹೊತ್ತಿಗೆ ಒಂದ್ಸಲ ಆ ಗಾಡಿ ಕೂಗಿಸಿಬಿಡು."

ಎಮ್ಮೆ ಅವನ ಕೊರಳಿನ ಹಾರವನ್ನು ಎಳೆದು, ಕೊನೆಯ ಸೇವಂತಿಗೆಯವರೆಗೂ ನಿಧಾನವಾಗಿ ಅಗಿದು ನುಂಗಿ, ಅಕ್ಕಚ್ಚು ಎಲ್ಲಿ ಎಂಬಂತೆ ಅವನ ಮುಖ ನೋಡಿತು.